ಶತ್ರುವಿನ ಹಳದಿ ಅಂಚು

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಇಷ್ಟು: ಅಣ್ಣ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡಿ ಆಡಿ ಕಣ್ಣು ಕೆಡಿಸಿಕೊಂಡ, ಅದಕ್ಕೇ ರೈಲು ಓಡಿಸುವ ನೌಕರಿ ಕೈಗೆ ಬಂದು ತಪ್ಪಿತು. ಅಪ್ಪ ಇದನ್ನು ರಾಯಚೂರಿನ ಧಾನ್ಯದ ಪೇಟೆ ಗಂಜಿನಲ್ಲಿ ತನ್ನ ಗೋಣಿಚೀಲದ ಅಂಗಡಿಗೆ ಬಂದವರಿಗೆ ಹೇಳುತ್ತಾನೆ. ದೊಡ್ಡಪ್ಪ ಮಾನ್ವಿಯ ತನ್ನ ರೈಸ್ ಮಿಲ್ಲಿನಲ್ಲಿ ಹೇಳುತ್ತಾನೆ. ಪಕ್ಕದ ಮನೆಯವರು ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವಾಗ ಹೇಳುತ್ತಾರೆ. ಅಣ್ಣನೂ ಅದನ್ನೇ ಹೇಳುತ್ತಾನೆ. ಮೊದಲು ಹೇಳಿದವನೇ ಅವನು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರಿನವರು ಹೇಳಿದ್ದರಲ್ಲಿ ಯಾವುದಕ್ಕೆ ಸಾಕ್ಷಿ ಇದೆ, ಯಾವುದಕ್ಕೆ ಬರೀ ಜೋರು ದನಿ ಇದೆ ಎಂದು ಬೇರೆ ಮಾಡುವುದು ಅಲ್ಲಿ ಕಲಿಸುವ ಮೊದಲ ಕೆಲಸ. ಆ ಪ್ರಕಾರ ನೋಡಿದರೆ, ಅಣ್ಣ ಆಟ ಆಡಿದ್ದು ನಿಜ. ನೌಕರಿ ತಪ್ಪಿದ್ದೂ ನಿಜ. ಒಂದರಿಂದ ಇನ್ನೊಂದು ಆಯಿತು ಎನ್ನುವುದಕ್ಕೆ ಮಾತ್ರ ಯಾರ ಬಳಿಯೂ ಏನೂ ಇಲ್ಲ. ಕೇಳಿದರೆ, "ಅವನ ಬಾಯಿಲೇ ಹೇಳ್ಯಾನಲ್ಲ" ಎನ್ನುತ್ತಾರೆ. ತಪ್ಪೊಪ್ಪಿಗೆಯೊಂದೇ ಪೂರ್ಣ ಸಾಕ್ಷಿಯಲ್ಲ. ಕೋರ್ಟಿನಲ್ಲೂ ಅಲ್ಲ, ಮನೆಯಲ್ಲೂ ಅಲ್ಲ.

ಆ ಆಟದ ಸೆಟ್ಟಿಂಗ್ಸ್ ಪುಟವನ್ನು ತೆರೆದು ನೋಡಿದವರು ನಮ್ಮ ಮನೆಯಲ್ಲಿ ಇಬ್ಬರೇ, ಅಣ್ಣ ಮತ್ತು ನಾನು. ಅಣ್ಣ ಬಾಯಿ ಬಿಡುವುದಿಲ್ಲ. ಉಳಿದವಳು ನಾನು.

ಕಂಪ್ಯೂಟರ್ ಬಂದದ್ದು ಮಾನ್ವಿಯಿಂದ. ಮಿಲ್ಲಿನ ಆಫೀಸಿಗೆ ಹೊಸದು ತಂದಾಗ ದೊಡ್ಡಪ್ಪ ಹಳೆಯದನ್ನು ಗೋಣಿಯಲ್ಲಿ ಸುತ್ತಿ, ಅಕ್ಕಿಮೂಟೆಗಳ ನಡುವೆ ಇಟ್ಟು, ಟೆಂಪೋದಲ್ಲಿ ಕಳಿಸಿದ. ಅಣ್ಣ ರೈಲ್ವೆ ಪರೀಕ್ಷೆಗೆ ಓದಲಿ ಎಂದು. ಅದರ ಕೀಬೋರ್ಡಿನಲ್ಲಿ ಅಂಕಿಗಳ ಗುಂಡಿಗಳೆಲ್ಲ ಸವೆದು ಬೋಳಾಗಿದ್ದವು, ಅಕ್ಷರಗಳ ಗುಂಡಿಗಳು ಮಾತ್ರ ಅಂಗಡಿಯಿಂದ ಈಗ ತಂದಂತಿದ್ದವು. ಮಿಲ್ಲಿನಲ್ಲಿ ಅಕ್ಷರ ಒತ್ತುವ ಪ್ರಸಂಗವೇ ಬಂದಿರಲಿಲ್ಲ. ಡಬ್ಬಿಯ ಪಕ್ಕದ ತಗಡು ಬಿಚ್ಚಿದರೆ ಒಳಗೆ ಫ್ಯಾನಿನ ರೆಕ್ಕೆಗಳಿಗೆ ತೌಡು ಮೆತ್ತಿಕೊಂಡು ಗಟ್ಟಿಯಾಗಿತ್ತು. ಅಣ್ಣ ಬಣ್ಣ ಬಳಿಯುವ ಬ್ರಷ್ ತಂದು ಅದನ್ನೆಲ್ಲ ಉದುರಿಸಿದ. ಗೆಳೆಯನೊಬ್ಬ ಹೊಸದು ತಗೊಂಡು ಬಿಟ್ಟಿದ್ದ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕೂರಿಸಿದ. ತಗಡನ್ನು ಮತ್ತೆ ಹಾಕಲಿಲ್ಲ. ರಾಯಚೂರಿನ ಬಿಸಿಲಿಗೆ ತಗಡು ಮುಚ್ಚಿದ ಯಂತ್ರ ಅರ್ಧ ತಾಸಿಗೆ ನಿಂತುಬಿಡುತ್ತಿತ್ತು. ಹಾಗಾಗಿ ಮನೆಯ ಟೇಬಲ್ ಫ್ಯಾನನ್ನು ಅದರ ತೆರೆದ ಹೊಟ್ಟೆಗೆ ಮುಖ ಮಾಡಿ ಇಟ್ಟೆವು.

"ಆ ಫ್ಯಾನ್ ಮನಷ್ಯಾರಿಗಿ ತಂದದ್ದಲೇ, ಡಬ್ಬಿಗಲ್ಲ," ಎಂದ ಅಪ್ಪ, ಬನಿಯನ್ ಎತ್ತಿ ಹೊಟ್ಟೆಗೆ ಗಾಳಿ ಹಾಕಿಕೊಳ್ಳುತ್ತ.

"ಯಪ್ಪಾ, ಡಬ್ಬಿ ಬಿಸಿ ಆದ್ರ ಓದೂದು ನಿಂತು ಹೋಗ್ತದ," ಎಂದ ಅಣ್ಣ.

"ಓದೂದು ನಿಂತು ಹೋಗ್ತದೋ, ಗುಂಡ ಹೊಡ್ಯೂದು ನಿಂತು ಹೋಗ್ತದೋ?"

ಅಪ್ಪನಿಗೆ ಆಗ ಸಿಟ್ಟಿರಲಿಲ್ಲ. ಅಣ್ಣ ಓದುತ್ತಿದ್ದ. ಬೆಳಗ್ಗೆ ಓದು, ಮಧ್ಯಾಹ್ನ ಮಾದರಿ ಪರೀಕ್ಷೆ, ಸಂಜೆ ಸ್ವಲ್ಪ ಹೊತ್ತು ಆಟ. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ಪಾಳಿಯೂ ಸೇರಿತ್ತು.

ಆಟ ಯಾವುದೆಂಬುದು ಮುಖ್ಯವಲ್ಲ. ಕೈಯಲ್ಲಿ ಬಂದೂಕು, ಎದುರಿಗೆ ಹುಲ್ಲುಗಾವಲು, ಪಾಳು ಕಟ್ಟಡಗಳು, ನಡುವೆ ಓಡುವ ಶತ್ರುಗಳು. ಅಂಥವು ಬೇಕಾದಷ್ಟಿವೆ. ನಮ್ಮ ಯಂತ್ರಕ್ಕೆ ಅದು ತಾಕತ್ತು ಮೀರಿದ ಆಟ. ಮೊದಲ ದಿನ ಶತ್ರು ಓಡಲೇ ಇಲ್ಲ. ಇಲ್ಲಿ ಕಂಡ, ಮಾಯವಾದ, ಅಲ್ಲಿ ಕಂಡ, ಅಷ್ಟರಲ್ಲಿ ನಾವು ಸತ್ತಿದ್ದೆವು. ಹಾಗಾಗಿ ನಾವು ಆಡಿದ್ದಕ್ಕಿಂತ ಹೆಚ್ಚು ಹೊತ್ತು ಸೆಟ್ಟಿಂಗ್ಸಿನಲ್ಲೇ ಕುಳಿತಿದ್ದೆವು. ನೀರಿನ ಹೊಳಪು ತೆಗೆದೆವು. ದೂರದ ಮರಗಳ ಎಲೆ ತೆಗೆದೆವು. ಸ್ಫೋಟದ ಹೊಗೆ ಕಡಿಮೆ ಮಾಡಿದೆವು. ರೆಸಲ್ಯೂಷನ್ ಇಳಿಸಿದಾಗ ಶತ್ರುವಿನ ಮುಖ ಮಸುಕಾಯಿತು, ಓಟ ಸಲೀಸಾಯಿತು. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆ ಎಂದು ತೋರಿಸುವ ಸಣ್ಣದೊಂದು ಅಂಕಿ ಪರದೆಯ ಮೂಲೆಯಲ್ಲಿರುತ್ತದೆ. ಅದನ್ನು ಫ್ರೇಮ್ ಎನ್ನುತ್ತಾರೆ. ನಾವಿಬ್ಬರೂ ಶತ್ರುವನ್ನು ಬಿಟ್ಟು ಆ ಅಂಕಿಯನ್ನೇ ನೋಡುತ್ತ ಕೂತದ್ದಿದೆ.

ದೊಡ್ಡ ಜಗಳ ಆದದ್ದು ನೆರಳಿನ ವಿಷಯಕ್ಕೆ. ಆಟದಲ್ಲಿ ಪ್ರತಿ ಗೋಡೆಗೂ, ಪ್ರತಿ ಮನುಷ್ಯನಿಗೂ ನೆರಳು ಬೀಳುತ್ತದೆ, ಆ ನೆರಳು ಬಿಡಿಸುವುದಕ್ಕೆ ಯಂತ್ರ ಬಹಳ ಬೆವರುತ್ತದೆ. ಅಣ್ಣ ಅದನ್ನು ಪೂರ್ತಿ ತೆಗೆಯಬೇಕೆಂದ.

"ನೆರಳ ತಗದ್ರ ಬಾಗಲ ಹಿಂದ ಯಾರ ನಿಂತಾರಂತ ಹೆಂಗ ಗೊತ್ತಾಗಬೇಕು?" ಎಂದೆ.

"ನೆರಳ ಇಟ್ರ ಆ ಬಾಗಲ ಮುಟ್ಟೂದ್ರಾಗ ಸಾಯ್ತೀವಿ. ಯಾವುದ ಬೇಕು ನಿನಗ?"

"ಎರಡೇ ದಾರಿ ಅದಾವಂತ ಹೆದರಸಬ್ಯಾಡ. ನೆರಳ ಕಡಿಮಿ ಮಾಡಿ ಇಡು, ಹುಲ್ಲ ತಗಿ."

"ನಿಮ್ಮ ಕಾಲೇಜಿಗಿ ಹೋಗಿ ಹೇಳ್ ಬೇ ಇದನ್ನ. ಗ್ರಾಫಿಕ್ಸ್ ಕಾರ್ಡ್ ನಿನ್ನ ಭಾಷಣ ಕೇಳಂಗಿಲ್ಲ."

ಆದರೆ ಹುಲ್ಲು ತೆಗೆದು ನೋಡಿದ. ಅಂಕಿ ಏರಿತು. ಅಣ್ಣ ಕುರ್ಚಿ ಬಿಟ್ಟುಕೊಟ್ಟ. ನಮ್ಮ ಮನೆಯಲ್ಲಿ ಸೋಲನ್ನು ಹಾಗೆ ಒಪ್ಪುವವನು ಅವನೊಬ್ಬನೇ.

ಕೈ ವಿಷಯದಲ್ಲಿ ಒಪ್ಪಂದ ಆಗಲೇ ಇಲ್ಲ. ಅಣ್ಣ ಮೌಸಿನ ಸೆನ್ಸಿಟಿವಿಟಿ ತೀರ ಕಡಿಮೆ ಇಡುತ್ತಿದ್ದ. ಹಿಂದೆ ತಿರುಗಿ ನೋಡಬೇಕಾದರೆ ಇಡೀ ತೋಳನ್ನು ಮೇಜಿನುದ್ದ ಎಳೆಯಬೇಕು, ಹಾಗೆ ಎಳೆದು ಎಷ್ಟೋ ಸಲ ನೀರಿನ ತಂಬಿಗೆ ಕೆಡವಿದ್ದಾನೆ. ನನಗೆ ಮಣಿಕಟ್ಟು ಹೊರಳಿದರೆ ಸಾಕು, ಅಷ್ಟು ಚುರುಕು ಬೇಕು. ಕೊನೆಗೆ ಇಬ್ಬರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿದೆವು. ಆಟ ಶುರುವಾಗುವ ಮುಂಚೆ ಅವನದೋ ನನ್ನದೋ ಆರಿಸಿದರೆ ಅವರವರ ಕೈಗೆ ತಕ್ಕಂತೆ ಎಲ್ಲ ಬದಲಾಗುತ್ತಿತ್ತು. ನನ್ನ ಪ್ರೊಫೈಲಿನಲ್ಲಿ ಶತ್ರು ಕೆಂಪು, ಅವನದರಲ್ಲಿ ಹಳದಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗದ್ದಲದಲ್ಲಿ ನಮ್ಮವರು ಯಾರು, ಎದುರಿನವರು ಯಾರು ಎಂದು ತಿಳಿಯಲೆಂದು ಆಟವೇ ಶತ್ರುವಿನ ಮೈಸುತ್ತ ಒಂದು ತೆಳು ಅಂಚು ಎಳೆಯುತ್ತದೆ. ಅದು ಮೊದಲಿನಿಂದ ಕೆಂಪು. ಬೇಕಿದ್ದರೆ ಬದಲಿಸಿಕೊಳ್ಳಬಹುದು. ಅಣ್ಣ ಬದಲಿಸಿಕೊಂಡಿದ್ದ.

"ಹಳದಿ ಯಾಕ?" ಎಂದು ಕೇಳಿದ್ದೆ.

"ಹಳದಿ ಇಟ್ರ ಸ್ಪೀಡ್ ಬರ್ತದ."

ನಾನು ಎರಡೂ ಬಣ್ಣ ಇಟ್ಟು ಮೂಲೆಯ ಅಂಕಿ ತೋರಿಸಿದೆ. ಒಂದು ಫ್ರೇಮ್ ಕೂಡ ವ್ಯತ್ಯಾಸ ಇರಲಿಲ್ಲ. "ಸುಳ್ಳ," ಎಂದೆ.

"ಆತ್ ಬಿಡು. ನಂಗ ಹಳದಿ ಸೇರ್ತದ. ಸೇರೂದಕ್ಕೂ ಸಾಕ್ಷಿ ಬೇಕೇನ್ ನಿನಗ?"

ಒಂದು ಬಣ್ಣ ಇಷ್ಟವಾಗುವುದಕ್ಕೆ ಸಾಕ್ಷಿ ಕೇಳುವ ಪದ್ಧತಿ ಎಲ್ಲೂ ಇಲ್ಲ. ವಿಷಯ ಅಲ್ಲಿಗೆ ಮುಗಿಯಿತು.

ಇನ್ನೊಂದು ಪದ್ಧತಿಯ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಅಪ್ಪನ ಮನೆತನ ಮಾನ್ವಿಯದು, ಅವ್ವನ ತವರು ದೇವದುರ್ಗದ ಕಡೆ, ಅರಕೇರಾ ಹತ್ತಿರದ ಹಳ್ಳಿ. ಮಾನ್ವಿಯ ಮನೆಯಲ್ಲಿ ಮಕ್ಕಳ ಮೈಮನಸ್ಸುಗಳನ್ನು ತಾಲೂಕಿನ ಪ್ರಕಾರ ಹಂಚುತ್ತಾರೆ. ನಾನು ಎತ್ತರ ಬೆಳೆದದ್ದು ಮಾನ್ವಿ. ನನ್ನ ಮುಂದಿನ ಹಲ್ಲು ಸೊಟ್ಟ ಇರುವುದು ದೇವದುರ್ಗ. ಅಣ್ಣನಿಗೆ ಗಣಿತ ಬರುವುದು ಮಾನ್ವಿ, ಅವನ ಮೈಬಣ್ಣ ದೇವದುರ್ಗ. ನಾನು ಬಾಯಿ ತೆರೆದರೆ ಸಾಕು, ದೊಡ್ಡವ್ವ ಸೆರಗು ಬಾಯಿಗೆ ಹಿಡಿದು, "ಬಂತ್ ನೋಡ್ರಿ ದೇವದುರ್ಗದ ನಾಲಿಗಿ," ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಅವ್ವನೂ ನಗುತ್ತಾಳೆ, ಆದರೆ ನಗುವಾಗ ಅವಳ ಕೈ ಯಾವುದಾದರೂ ಕೆಲಸ ಹುಡುಕಿಕೊಳ್ಳುತ್ತದೆ. ಒಂದು ಚೊಂಬು ಎತ್ತುತ್ತಾಳೆ, ಒಂದು ಬಟ್ಟೆ ಮಡಚುತ್ತಾಳೆ.

ಅಣ್ಣ ಲಿಖಿತ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ. ದೊಡ್ಡಪ್ಪ ಪೋತ್ನಾಳ ಕಡೆಯಿಂದ ಭತ್ತ ತರುವ ರೈತರಿಗೆಲ್ಲ, "ನಮ್ಮ ಹುಡುಗ ರೈಲು ಬಿಡ್ತಾನ ಇನ್ನ ಮ್ಯಾಲ," ಎಂದು ಹೇಳಿ ಆಗಿತ್ತು. ಗಣಿತ ಮಾನ್ವಿಯದಲ್ಲವೇ. ಉಳಿದದ್ದು ವೈದ್ಯಕೀಯ ತಪಾಸಣೆ ಮಾತ್ರ. ಅದಕ್ಕೆ ಬೇರೆ ಊರಿನ ಆಸ್ಪತ್ರೆಗೆ ಹೋಗಿ ಬರಬೇಕು. ಹೋದ. ಬಂದ.

ಬಂದವನು ಚಪ್ಪಲಿ ಬಿಟ್ಟು, ಕಾಲು ತೊಳೆದು, ಪಡಸಾಲೆಯಲ್ಲಿ ನಿಂತು ಹೇಳಿದ. ಅಪ್ಪ, ಅವ್ವ, ನಾನು ಮೂವರೂ ಇದ್ದೆವು.

"ಅನ್‌ಫಿಟ್ ಮಾಡ್ಯಾರ. ಕಣ್ಣಂತ."

"ಕಣ್ಣಿಗಿ ಏನಾಗೇದಲೇ?" ಎಂದ ಅಪ್ಪ.

"ಭಾಳ ಕಂಪ್ಯೂಟರ್ ನೋಡೀನಂತ. ಗೇಮ್ ಆಡಿ ಆಡಿ ಆಗೇದಂತ."

ಅಪ್ಪ ಬೈಯಲಿಲ್ಲ. ಎದ್ದು ಹೋಗಿ ಕಂಪ್ಯೂಟರಿಗೆ ಮುಖ ಮಾಡಿದ್ದ ಟೇಬಲ್ ಫ್ಯಾನನ್ನು ಈ ಕಡೆ ತಿರುಗಿಸಿದ. ಆಮೇಲೆ ಅದನ್ನು ಆರಿಸಿಬಿಟ್ಟ. ಅವ್ವ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಆಮೇಲೆ ಶುರುವಾದದ್ದು ಕಣ್ಣಿಗೆ ವಿಶ್ರಾಂತಿ ಕೊಡುವ ಕೆಲಸ. ಕಂಪ್ಯೂಟರಿಗೆ ಹಳೇ ದುಪ್ಪಟಿ ಹೊದಿಸಿದರು. ಪುಸ್ತಕ ಬೇಡ, ಪೇಪರ್ ಬೇಡ, ಮೊಬೈಲ್ ಬೇಡ. ಗಜ್ಜರಿ, ಅಂದರೆ ಕ್ಯಾರೆಟ್ ತಂದರು, ನೆತ್ತಿಗೆ ಹರಳೆಣ್ಣೆ ಒತ್ತಿದರು. ಬಸ್ಸಿನ ಬೋರ್ಡನ್ನು ಅದು ತಿರುವಿನಲ್ಲಿರುವಾಗಲೇ ಓದುವ ಅಣ್ಣ, ಕಣ್ಣು ಮುಚ್ಚಿ ಹತ್ತಿಯ ಉಂಡೆ ಇಟ್ಟುಕೊಂಡು ಮಲಗಿರುತ್ತಿದ್ದ. ಓದುವುದು ಬಿಟ್ಟರೆ ಮುಂದಿನ ಯಾವ ಪರೀಕ್ಷೆಯೂ ಇಲ್ಲ. ಅದು ಅಪ್ಪನಿಗೆ ಹೊಳೆಯಲಿಲ್ಲ. ಅಣ್ಣನಿಗೆ ಹೊಳೆದಿತ್ತು, ಸುಮ್ಮನಿದ್ದ.

ನನಗೆ ಸಂಶಯ ಬಂದದ್ದು ಅಲ್ಲಿ. ಕಣ್ಣು ಮಂಜಾದವನು ಹೀಗೆ ಇರುವುದಿಲ್ಲ. ಒಂದು ಮಧ್ಯಾಹ್ನ ಅಪ್ಪ ಗಂಜಿನಲ್ಲಿದ್ದ, ಅವ್ವ ಮಠಕ್ಕೆ ಹೋಗಿದ್ದಳು. ನಾನು ದುಪ್ಪಟಿ ತೆಗೆದು ಕಂಪ್ಯೂಟರ್ ಶುರು ಮಾಡಿ ಅಣ್ಣನ ಪ್ರೊಫೈಲಿನ ಸೆಟ್ಟಿಂಗ್ಸ್ ಒಂದೊಂದೇ ಓದಿದೆ. ಶತ್ರುವಿನ ಅಂಚಿನ ಬಣ್ಣ, ಹಳದಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕೆಂಪು ಹಸಿರು ಬೇರೆ ಮಾಡಿ ಕಾಣದವರಿಗಾಗಿ, ಎಂದಿತ್ತು. ಆ ಸಾಲನ್ನು ನಾನು ಎಂದೂ ಓದಿರಲಿಲ್ಲ. ಫ್ರೇಮಿಗೆ ಸಂಬಂಧ ಇಲ್ಲದ ಸಾಲುಗಳನ್ನು ನಾವು ಓದುತ್ತಿರಲಿಲ್ಲ.

ಅಂಚನ್ನು ಕೆಂಪು ಮಾಡಿದೆ. ತೆಗೆದಿದ್ದ ಹುಲ್ಲನ್ನು ವಾಪಸು ಹಾಕಿದೆ. ಗುರಿ ಅಭ್ಯಾಸ ಮಾಡುವ ಮೈದಾನ ತೆರೆದು, ಒಳಗೆ ಮಲಗಿದ್ದ ಅಣ್ಣನನ್ನು ಕರೆದೆ.

"ಎಷ್ಟ ಮಂದಿ ಅದಾರ ಹೇಳು."

ಅವನು ಕುಳಿತ. ಮೌಸ್ ಹಿಡಿದ. ಇಡೀ ತೋಳಿನಿಂದ ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಹಸಿರು ಹುಲ್ಲಿನ ಮೇಲೆ ಕೆಂಪು ಅಂಚಿನ ಆಳುಗಳು ಸಾಲಾಗಿ ನಿಂತಿದ್ದವು, ನನಗೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದವು. ಅವನ ಗುರಿ ಅವುಗಳ ಮೇಲಿಂದಲೇ ಹಾದು ಹೋಯಿತು, ಎಲ್ಲೂ ನಿಲ್ಲಲಿಲ್ಲ. ಒಬ್ಬ ಅಲುಗಾಡಿದಾಗ ಮಾತ್ರ ತಟ್ಟನೆ ಗುಂಡು ಹೊಡೆದ.

"ಒಬ್ಬ," ಎಂದ.

ನಾನು ಹಳದಿ ಮಾಡಿದೆ. ಅವನು ಪರದೆ ನೋಡಿದ, ನನ್ನನ್ನು ನೋಡಿದ. ಮೌಸ್ ಬಿಟ್ಟ.

"ಆತಿಲ್ಲ? ಗೆದ್ದಿ."

"ಡಾಕ್ಟರ್ ಏನಂದ್ರು?"

"ಬಣ್ಣದ ಚುಕ್ಕಿ ಇರೋ ಪುಸ್ತಕ ತೋರಿಸಿದ್ರು. ಅದ್ರಾಗ ಅಂಕಿ ಇರ್ತದಂತ. ನಂಗ ಬರೀ ಚುಕ್ಕಿ ಕಂಡ್ವು. ಹುಟ್ಟಿನಿಂದ ಬಂದದ್ದು, ಔಷಧಿಲ್ಲ, ಇದಕ್ಕಿಂತ ಕೆಡಂಗೂ ಇಲ್ಲ ಅಂದ್ರು."

"ಮೊದಲ ಗೊತ್ತಿರಲಿಲ್ಲೇನು ನಿನಗ?"

"ಎಲ್ಲಾರಿಗೂ ಹಿಂಗ ಕಾಣ್ತದ ಅನ್ಕೊಂಡಿದ್ದೆ. ಹಳದಿ ಇಟ್ರ ಚೊಲೋ ಕಾಣ್ತಿತ್ತು, ಅದಕ್ಕ ಇಟ್ಟಿದ್ದೆ. ಸಿಗ್ನಲ್‌ನ್ಯಾಗ ಮ್ಯಾಲಿನ ದೀಪ ಹತ್ತಿದ್ರ ನಿಲ್ಲೂದು, ಕೆಳಗಿಂದ ಹತ್ತಿದ್ರ ಹೋಗೂದು. ಅಷ್ಟರಾಗ ನಡದಿತ್ತು."

"ಮತ್ತ ಗೇಮ್ ಅಂತ ಯಾಕ ಸುಳ್ಳ ಹೇಳಿದಿ?"

ಅವನು ಸೊಟ್ಟಗೆ ನಕ್ಕ. "ಇದು ತಾಯಿ ಕಡಿಂದ ಬರ್ತದಂತ ಡಾಕ್ಟರ್ ಹೇಳಿದ್ರು. ಬಸ್ಸಿನ್ಯಾಗ ಬರ್ತಾ ಅದನ್ನ ಮಾನ್ವಿಯೊಳಗ ಹೇಳಿದ್ರ ಹೆಂಗಿರ್ತದ ಅಂತ ಲೆಕ್ಕ ಹಾಕಿದೆ. ದೇವದುರ್ಗದ ಹಲ್ಲು ಆತು, ದೇವದುರ್ಗದ ನಾಲಿಗಿ ಆತು. ಇನ್ನ ಕಣ್ಣೂ ಬ್ಯಾಡ ಅನ್ನಿಸ್ತು."

"ನಿನ್ನ ಓದು?"

"ಸ್ವಲ್ಪ ದಿನ ಹೋಗಲಿ. ಮರೀತಾರ."

"ಮರಿಯಂಗಿಲ್ಲ. ಕಣ್ಣು ಕೆಡಾಕತ್ತಾವ ಅಂತ ತಿಳಕೊಂಡಾರ. ಕೆಡಾಕತ್ತಿಲ್ಲಂತ ಹೇಳಬೇಕಾದ್ರ ಯಾಕಂತ ಹೇಳಬೇಕಾಗ್ತದ."

ಅವನು ಎದ್ದು ಹೋಗಿ ಮತ್ತೆ ಹತ್ತಿ ಇಟ್ಟುಕೊಂಡು ಮಲಗಿದ. ನಾನು ಆ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ತಾಯಿಗೆ ಏನೂ ಆಗಿರುವುದಿಲ್ಲ, ಮಗನಿಗೆ ದಾಟಿಸುತ್ತಾಳೆ. ಮಗಳಿಗೂ ದಾಟಿಸಿರಬಹುದು. ಮಗಳಿಗೆ ಎಲ್ಲ ಬಣ್ಣ ಕಾಣುತ್ತದೆ, ಅವಳು ತನ್ನ ಮಗನಿಗೆ ದಾಟಿಸಬಹುದು. ಓದುವಾಗ ನನ್ನ ಬಗ್ಗೆ ಓದುತ್ತಿದ್ದೇನೆ ಎಂದು ಗೊತ್ತಿತ್ತು. ಏನೂ ಅನ್ನಿಸಲಿಲ್ಲ. ಮುಂದಿನ ಪ್ಯಾರಾಕ್ಕೆ ಹೋದೆ.

ಒಂದು ಕೊಂಡಿ ಉಳಿದಿತ್ತು. ಅವ್ವನಿಗೆ ಅವಳ ಅಪ್ಪನಿಂದ ಬಂದಿರಬೇಕು, ಅಜ್ಜ ತೀರಿಹೋಗಿದ್ದಾನೆ. ರಜೆಯಲ್ಲಿ ದೇವದುರ್ಗದ ಬಸ್ಸು ಹತ್ತಿ ಅಜ್ಜಿಯ ಮನೆಗೆ ಹೋದೆ. ಮೆಣಸಿನಕಾಯಿ ಕೊಯ್ಲಿನ ಕಾಲ. ಕಣದ ತುಂಬ ಕಾಯಿ ಹರಡಿತ್ತು, ಗಾಳಿ ಬಂದರೆ ಗಂಟಲು ಹಿಡಿಯುತ್ತಿತ್ತು. ಅಜ್ಜಿ ಕೂತು ಹಣ್ಣಾಗದ ಹಸಿರು ಕಾಯಿಗಳನ್ನು ಆರಿಸಿ ಬೇರೆ ಹಾಕುತ್ತಿದ್ದಳು. ಸಣ್ಣವರಿದ್ದಾಗ ನಮ್ಮನ್ನೂ ಕೂರಿಸುತ್ತಿದ್ದಳು. ಅಣ್ಣನ ರಾಶಿಯಲ್ಲಿ ಹಸಿರು ಕೆಂಪು ಎಲ್ಲ ಕಲಸಿರುತ್ತಿತ್ತು, ಮೈಗಳ್ಳ ಎಂದು ಬೈಸಿಕೊಳ್ಳುತ್ತಿದ್ದ. ಆಮೇಲಾಮೇಲೆ ಪ್ರತಿ ಕಾಯಿಯನ್ನೂ ಹಿಚುಕಿ ನೋಡಿ ಹಾಕುತ್ತಿದ್ದ. ಹಣ್ಣಾದದ್ದು ಮೆತ್ತಗಿರುತ್ತದೆ.

"ಯಮ್ಮಾ, ಅಜ್ಜ ಕಾಯಿ ಆರಸಾಕ ಕುಂದ್ರತಿದ್ದನೇನು?" ಎಂದು ಕೇಳಿದೆ.

"ಅವನಾ?" ಅಜ್ಜಿ ಬಾಯಿ ತುಂಬ ನಕ್ಕಳು. "ಅವನ ಕುಂದ್ರಿಸಿದ್ರ ಮುಗೀತು. ಕೆಂಪಂದ್ರೇನು, ಹಸರಂದ್ರೇನು, ಆ ಮನಷ್ಯಾಗ ಎಲ್ಲಾ ಒಂದ. ನಿಮ್ಮವ್ವ ಸಣ್ಣಾಕಿ ಇದ್ದಾಗ ಬಾಜೂಕ ಕುಂತು ಅವ ತಪ್ಪಿದ್ದೆಲ್ಲಾ ತಗದ ಹಾಕತಿದ್ಲು. ಯಾರಿಗೂ ಹೇಳಬ್ಯಾಡ ಮಗಳ ಅಂತಿದ್ದ ಅಕಿಗಿ. ಊರಿಗೇ ಗೊತ್ತಿತ್ತು, ಇವ್ರಿಬ್ರಿಗೇ ಗುಟ್ಟು!"

ಅವ್ವನಿಗೆ ಗೊತ್ತಿತ್ತು. ಸಣ್ಣವಳಿದ್ದಾಗಿನಿಂದ ಗೊತ್ತಿತ್ತು. ಅಣ್ಣ ಪಡಸಾಲೆಯಲ್ಲಿ ನಿಂತು ಕಣ್ಣು ಅಂದಾಗ, ಒಳಗೆ ಹೋಗಿ ಅನ್ನಕ್ಕೆ ಇಟ್ಟಾಗ, ಹತ್ತಿಯ ಉಂಡೆ ಮಾಡಿ ಕೊಟ್ಟಾಗ. ನಾನು ಅಜ್ಜಿಯ ಜೊತೆ ಸಂಜೆಯವರೆಗೂ ಕಾಯಿ ಆರಿಸಿದೆ. ಕೈ ಉರಿಯಿತು.

ಊರಿಗೆ ಬಂದ ಮೇಲೆ ಅವ್ವನನ್ನು ಕೇಳಲಿಲ್ಲ. ಅವಳೇ ಹೇಳುತ್ತಾಳೆ ಎಂದುಕೊಂಡೆ.

ಮಾನ್ವಿಯಿಂದ ಕರೆ ಬಂತು. ಸೋಮವಾರ ಜಂಗಮರಿಗೆ ಊಟ, ಎಲ್ಲರೂ ಬರ್ರಿ, ಹುಡುಗನ ವಿಷಯಾನೂ ಮಾತಾಡೂಣು. ಹೋದೆವು. ಪೂಜೆ, ಊಟ ಮುಗಿದ ಮೇಲೆ ಜಂಗಮರನ್ನು ಕಳಿಸಿ ದೊಡ್ಡಪ್ಪ ಜಮಖಾನೆಯ ಮೇಲೆ ಗೋಡೆಗೆ ಒರಗಿದ. ಅಪ್ಪ ಎದುರಿಗೆ, ಅಣ್ಣ ಬಾಗಿಲ ಬಳಿ. ನಾನು, ಅವ್ವ, ದೊಡ್ಡವ್ವ ಒಳಗಿನ ಹೊಸ್ತಿಲಿನ ಈಚೆ.

"ಏನಪಾ, ಗುಂಡ ಹೊಡದು ಹೊಡದು ಕಡೀಗಿ ನಿನ್ನ ಕಣ್ಣಿಗೇ ಹೊಡಕೊಂಡಿ," ಎಂದ ದೊಡ್ಡಪ್ಪ. ಕೆಟ್ಟ ಮನುಷ್ಯನಲ್ಲ, ನಗಿಸುವುದಕ್ಕೇ ಹೇಳಿದ. "ಆಗಿದ್ದಾತು. ಇನ್ನ ಓದೂದು ಬರಿಯೂದು ಬಂದ್. ಇರೋ ಕಣ್ಣಾದ್ರೂ ಉಳೀಲಿ. ಮಿಲ್ಲಿಗಿ ಬಾ. ಚೀಲ ತೂಕ ಮಾಡ್ಸು, ಲಾರಿ ನೋಡ್ಕೊ. ಕಾಯಂ ಆಗಿ ಇಲ್ಲೇ ಇರು."

ಅಪ್ಪ ತಲೆಯಾಡಿಸಿದ.

"ದೊಡ್ಡಪ್ಪಾ, ಒಂದ ಪ್ರಶ್ನಿ ಕೇಳ್ತೀನ್ರಿ," ಎಂದೆ.

"ಬಂತ್ ನೋಡ್ರಿ," ಎಂದಳು ದೊಡ್ಡವ್ವ.

"ಬರ್ಲಿ ಬರ್ಲಿ. ಕೇಳವ್ವಾ ವಕೀಲೀ."

"ಗೇಮ್ ಆಡಿ ಕಣ್ಣು ಕೆಟ್ರ ಅಕ್ಷರ ಮಸಕ ಕಾಣಬೇಕು, ಹೌದಿಲ್ಲೋ? ಅಣ್ಣಾ, ಆ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಕೆಳಗ ಸಣ್ಣ ಅಕ್ಷರ ಅದಾವಲ್ಲ, ಓದು."

ಅಣ್ಣ ನನ್ನನ್ನೇ ನೋಡಿದ. ಕ್ಯಾಲೆಂಡರ್ ನೋಡಲಿಲ್ಲ.

"ಓದಪಾ," ಎಂದ ದೊಡ್ಡಪ್ಪ.

ಓದಲೇಬೇಕಾಯಿತು. ಬಾಗಿಲಿನಿಂದಲೇ, ಮುದ್ರಿಸಿದ ಪ್ರೆಸ್ಸಿನ ವಿಳಾಸದವರೆಗೂ ಓದಿದ. ಅಪ್ಪ ತಲೆ ಎತ್ತಿದ. ಕ್ಯಾಲೆಂಡರ್ ಕಡೆ ತಿರುಗಿ ತಾನೂ ಕಣ್ಣು ಕಿರಿದು ಮಾಡಿ ನೋಡಿದ, ಅವನಿಗೆ ಕಾಣಲಿಲ್ಲ.

"ಮತ್ತ? ಕಣ್ಣು ಬರಾಬರಿ ಅದಾವಲ್ಲ?" ಎಂದ ಅಪ್ಪ, ಯಾರಿಗೂ ಅಲ್ಲದಂತೆ.

"ಬರಾಬರಿ ಅದಾವ ಯಪ್ಪಾ. ಅಂವ ಎಷ್ಟ ಬೇಕಾದ್ರೂ ಓದಬಹುದು. ರೈಲು ಬಿಡೂದ ಒಂದ ಆಗಂಗಿಲ್ಲ, ಬ್ಯಾರೆ ಪರೀಕ್ಷಾ ಬರೀಬಹುದು. ಯಾಕಂದ್ರ..."

ಮುಂದಿನ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಗೆಲುವು. ಅಷ್ಟರಲ್ಲಿ ಅಣ್ಣ ಜೋರಾಗಿ, "ಅಕಿ ಮಾತ ಕೇಳಬ್ಯಾಡ್ರಿ ದೊಡ್ಡಪ್ಪಾ," ಎಂದ. "ಅಕಿಗಿ ಏನ್ ಗೊತ್ತು. ನಾ ಹಗಲಿ ರಾತ್ರಿ ಆಡೀನಿ. ಓದಿದ್ರ ತಲಿ ಸಿಡೀತದ ನಂಗ, ಕಣ್ಣೀರ ಬರ್ತಾವ. ಮಿಲ್ಲಿಗಿ ಬರ್ತೀನಿ."

ನಾನು ಅವ್ವನ ಕಡೆ ತಿರುಗಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದಳು. "ಸಾಕ್ ಬೇ," ಎಂದಳು, ತಲೆ ಎತ್ತದೆ. "ದೊಡ್ಡೋರ ಮುಂದ ಎಷ್ಟ ವಾದ ಮಾಡ್ತಿ."

"ಅದು ನೋಡ್ರಿ, ದೇವದುರ್ಗದ..." ಎಂದು ದೊಡ್ಡವ್ವ ಶುರು ಮಾಡಿದಳು, ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ನಾನು ಆ ವಾಕ್ಯ ನುಂಗಿದೆ. ಅದಕ್ಕೆ ಯಾವ ರುಚಿಯೂ ಇರಲಿಲ್ಲ. ವೇದಿಕೆಯ ಮೇಲೆ ಹೇಳಬೇಕಾದದ್ದು ಉಳಿದುಹೋದರೆ ವಾರಗಟ್ಟಲೆ ಒಳಗೆ ಕುದಿಯುತ್ತಿರುತ್ತದೆ, ನನಗೆ ಗೊತ್ತು. ಇದು ಕುದಿಯಲಿಲ್ಲ. ದೊಡ್ಡವ್ವ ಕೊಟ್ಟ ಚಹಾ ಕುಡಿದೆ.

ಅಣ್ಣ ಅಲ್ಲೇ ಉಳಿದ. ಅವನ ಬಟ್ಟೆಗಳನ್ನು ಆಮೇಲೆ ಟೆಂಪೋದಲ್ಲಿ ಕಳಿಸಿದೆವು. ಕಂಪ್ಯೂಟರನ್ನು ಅಪ್ಪ ಒಂದು ರಿಪೇರಿ ಅಂಗಡಿಗೆ ಕೊಟ್ಟುಬಂದ. ಹೋಗುವ ಮೊದಲು ಆಟ ಅಳಿಸಲೇ ಎಂದು ಯೋಚಿಸಿದೆ, ಅಳಿಸಲಿಲ್ಲ. ಯಾರು ತೆಗೆದುಕೊಂಡರೋ ಅವರಿಗೆ ಎರಡು ಪ್ರೊಫೈಲ್ ಸಿಕ್ಕಿರುತ್ತವೆ. ಅಥವಾ ಮೊದಲ ದಿನವೇ ಎಲ್ಲ ತೊಳೆದು ಹಾಕಿರುತ್ತಾರೆ.

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. "ಹೆಂಗದಿ?" ಎಂದರೆ, "ಆರಾಮ. ಇಲ್ಲಿ ಅಕ್ಕಿ ಎಲ್ಲಾ ಬೆಳ್ಳಗ. ನಂಗ ಹೊಂದ್ಯಾದ," ಎನ್ನುತ್ತಾನೆ. ನಗಬೇಕೆಂದು ಹೇಳುವುದು, ನಗುತ್ತೇನೆ.

ಆಮೇಲೆ ದೊಡ್ಡವ್ವ ನನಗೊಂದು ಸಂಬಂಧ ತಂದಳು. ಚೀಕಲಪರ್ವಿ ಕಡೆ ಹೊಲ ಇರುವವರು, ಮಾನ್ವಿಯಲ್ಲಿ ವ್ಯಾಪಾರ. ಹುಡುಗನ ತಾಯಿ ಮತ್ತು ಸೋದರತ್ತೆ ರಾಯಚೂರಿಗೆ ಬಂದು ನೋಡಿ ಹೋದರು. ನಾನು ಅಡಿಗೆ ಮನೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ, ಮಾತು ಕೇಳಿಸುತ್ತಿತ್ತು.

"ಮಗಂದು ಏನೋ ಕಣ್ಣಿಂದು ಅಂತ ಕೇಳಿದ್ವಿ ಬಿಡ್ರಿ," ಎಂದಳು ಹುಡುಗನ ಅತ್ತೆ, ಸಹಜವಾಗಿ, ಮಳೆ ಬೆಳೆ ಕೇಳಿದಂತೆ.

"ಅಯ್ಯ, ಅದು ಕಂಪ್ಯೂಟರ್ ಆಡಿ ಆಡಿ ಆಗಿದ್ರಿ," ಎಂದಳು ಅವ್ವ. "ನಮ್ಮ ಮನ್ಯಾಗ ಹಂಥಾದ್ದು ಯಾರಿಗೂ ಇಲ್ರಿ. ಅವ್ರಪ್ಪನ ಕಡೀನೂ ಇಲ್ಲ, ನಮ್ಮ ಕಡೀನೂ ಇಲ್ಲ."

ಅಷ್ಟು ನುಣುಪಾಗಿ, ಅಷ್ಟು ಬೇಗ. ಅವ್ವ ಯಾರ ಮುಂದೆಯೂ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಲಕ್ಕಿ ತಟ್ಟೆಗೆ ಹಾಕಿ ಹೊರಗೆ ತಂದೆ. ಅವರು ನನ್ನ ಹಲ್ಲು ನೋಡಿದರು. ಇನ್ನೂ ಹೂಂ ಎಂದೂ ಹೇಳಿಲ್ಲ, ಉಹೂಂ ಎಂದೂ ಹೇಳಿಲ್ಲ. ನನ್ನನ್ನೂ ಯಾರೂ ಕೇಳಿಲ್ಲ.

ಅದೇ ದಿನಗಳಲ್ಲಿ ರೈಲ್ವೆಯಲ್ಲಿ ಕಚೇರಿ ಕೆಲಸಗಳಿಗೆ ಅರ್ಜಿ ಕರೆದಿದ್ದರು. ಬಣ್ಣದ ಪರೀಕ್ಷೆ ಇಲ್ಲದ ಹುದ್ದೆಗಳು. ಅಣ್ಣನಿಗೆ ವಯಸ್ಸಿತ್ತು, ಗಣಿತವಿತ್ತು. ನಾನು ಫೋನ್ ಮಾಡಿದೆ.

"ನಾ ಹಾಕ್ತೀನಿ ಅರ್ಜಿ. ನೀ ಹೂಂ ಅನ್ನು ಸಾಕು."

"ಓದೂದು ಎಲ್ಲಿ ಬೇ? ಇಲ್ಲಿ ಪುಸ್ತಕ ಹಿಡದ್ರ ದೊಡ್ಡಪ್ಪ ಕಸಗೋತಾನ. ಕಣ್ಣ ಹೋಗ್ತಾವಲೇ ಅಂತಾನ. ಪಾಪ, ಅವಂದೇನ ತಪ್ಪು."

"ಖರೇ ಹೇಳಿಬಿಡೂಣು."

ಹಿಂದೆ ಮಿಲ್ಲಿನ ಸದ್ದು ಕೇಳುತ್ತಿತ್ತು. "ನಿಂದ ಮಾತುಕತಿ ನಡದದ ಅಂತಲ್ಲ," ಎಂದ. "ಅದು ಮುಗೀಲಿ." ಲಾರಿ ಬಂತು ಎಂದು ಇಟ್ಟುಬಿಟ್ಟ.

ಅರ್ಜಿಯ ಕೊನೆಯ ದಿನ ನಿನ್ನೆ ಮುಗಿಯಿತು. ಮೊಬೈಲಿನಲ್ಲಿ ಆ ಪುಟ ತೆರೆದು ನೋಡಿದೆ, ಗುಂಡಿ ಇನ್ನು ಒತ್ತಲು ಬರುವುದಿಲ್ಲ. ಸಿಟ್ಟು ಬರಬೇಕಿತ್ತು. ಕಾದೆ, ಬರಲಿಲ್ಲ. ಅವ್ವ ಬಿಸಿಲಿಗೆ ಹಾಕಿದ್ದ ಬಟ್ಟೆ ತಂದು ಪಡಸಾಲೆಯಲ್ಲಿ ಮಡಚುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಒಂದು ತುದಿ ಹಿಡಿದೆ. ಅಪ್ಪನ ಧೋತರ ಮಡಚಿದೆವು, ಎರಡು ಸೀರೆ ಮಡಚಿದೆವು. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡಳು. ಇಲ್ಲ ಅನ್ನಲಿಲ್ಲ. ನನ್ನ ಚೂಡಿದಾರದ ದುಪಟ್ಟಾ ಎತ್ತಿಕೊಂಡು ಅದರ ತುದಿಗಳನ್ನು ಕೂಡಿಸತೊಡಗಿದಳು.

"ಯವ್ವಾ," ಎಂದೆ, "ಅಣ್ಣ ಸುಳ್ಳ ಹೇಳಾಕತ್ತಾನಂತ ಗೊತ್ತಿದ್ದೂ ಮಾನ್ವಿಯೊಳಗ ನೀ ಸುಮ್ನ ಕುಂತದ್ದು ಯಾರ ಸಲುವಾಗಿ?"